ಅವ್ವ ಹುರಿದ ಕಾಫಿ, ಅಪ್ಪ ತಂದ ಕಾಫಿ

ಮಾನಸ, ತೇಜಸ್,

ಮೊನ್ನೆ ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ವಾಪಸು ಬರುವಾಗ ನೀವಿಬ್ಬರೂ ಹಟ ಮಾಡಿ ಹೆದ್ದಾರಿ ಪಕ್ಕದ ಗಾಜಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿದಿರಲ್ಲ, ಆವತ್ತು ಹೇಳಬೇಕಾಗಿದ್ದ ಮಾತು ಇದು. ನಾನು ಕಾರಿನಲ್ಲೇ ಕೂತಿರುತ್ತೇನೆ ಎಂದೆ. ಅಂಥ ಜಾಗದಲ್ಲಿ ನನಗೆ ಎಲ್ಲಿ ಕೂರಬೇಕು, ಕೈ ಎಲ್ಲಿಟ್ಟುಕೊಳ್ಳಬೇಕು ಗೊತ್ತಾಗುವುದಿಲ್ಲ. ಆದರೂ ತೇಜಸ್ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ನಾವು ಬಾಗಿಲು ದಾಟುವುದಕ್ಕೂ ಅಲ್ಲಿಯವರು ಯಂತ್ರಕ್ಕೆ ಕಾಫಿ ಬೀಜ ಸುರಿದು ಪುಡಿ ಮಾಡುವುದಕ್ಕೂ ಸರಿಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಗಾಜೂ ಕಾಣಲಿಲ್ಲ, ದೀಪವೂ ಕಾಣಲಿಲ್ಲ. ನಮ್ಮೂರಿನ ಮನೆಯ ಹಿತ್ತಲು, ಅಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ನನ್ನ ಅವ್ವ ಕಂಡಳು. ಕಾಗದದ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಾನು ಕುಡಿಯದೆ ಕೂತಾಗ ಮಾನಸ, "ಯಾಕಜ್ಜಿ, ಚೆನ್ನಾಗಿಲ್ವಾ?" ಅಂದಳು. "ಚೆನ್ನಾಗೈತೆ ಕಣವ್ವ" ಅಂದೆ. ನನಗೆ ಮೊದಲಿಂದಲೂ ಮಾತು ಕಡಿಮೆ. ಊರಿನ ಸ್ಕೂಲಿನಲ್ಲಿ ಕಲಿತ ಅಕ್ಷರ ಮಾತ್ರ ಕೈಬಿಟ್ಟು ಹೋಗಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಹುಟ್ಟಿದ ಊರು ರಾಮನಗರಕ್ಕೂ ಬಿಡದಿಗೂ ನಡುವೆ, ದೊಡ್ಡ ರಸ್ತೆಯಿಂದ ಒಳಕ್ಕೆ ಒಂದಷ್ಟು ದೂರ ನಡೆದರೆ ಸಿಗುತ್ತಿತ್ತು. ಮುಂದೆ ಜಗಲಿ, ಮಧ್ಯೆ ದೊಡ್ಡ ನಡುಮನೆ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಕೊಟ್ಟಿಗೆ. ಹೆಂಚಿನ ಮನೆ. ನಮ್ಮದು ಅಂತ ಹೆಸರಿಗೆ ಹೇಳುತ್ತಿದ್ದೆವು ಅಷ್ಟೆ, ವರ್ಷದ ಬಹುಪಾಲು ಅದು ರೇಷ್ಮೆ ಹುಳುಗಳ ಮನೆ. ನಡುಮನೆಯ ತುಂಬ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಅಟ್ಟಣೆಯಲ್ಲಿ ಕೂತಿರುತ್ತಿದ್ದವು. ತಟ್ಟೆಗೆ ಸಾರಿಸಿದ ಸಗಣಿಯ ವಾಸನೆ, ಆಗಷ್ಟೇ ಕೊಯ್ದು ತಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಹುಳುಗಳು ಸೊಪ್ಪು ಮೇಯುವಾಗಿನ ಸಣ್ಣಗೆ ಸರಸರ ಎನ್ನುವ ಸದ್ದು, ಇವುಗಳ ನಡುವೆಯೇ ನಾವು ಮೂಲೆ ಹುಡುಕಿ ಚಾಪೆ ಹಾಸಿಕೊಳ್ಳುತ್ತಿದ್ದೆವು. ಹುಳುಗಳಿಗೆ ಬೇರೆ ಯಾವ ವಾಸನೆಯೂ ಆಗುವುದಿಲ್ಲ. ಹುಳು ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಇಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ಹೂವು ಮುಡಿದು ನಡುಮನೆಗೆ ಕಾಲಿಡುವಂತಿಲ್ಲ. ನೆಂಟರು ಬಂದರೂ ಜಗಲಿಯಲ್ಲೇ ಊಟ ಮಾಡಿ ಜಗಲಿಯಲ್ಲೇ ಮಲಗಬೇಕು. ಇದನ್ನೆಲ್ಲ ಕಾಯುತ್ತಿದ್ದವಳು ನಮ್ಮಜ್ಜಿ, ಅಂದರೆ ಅಪ್ಪನ ತಾಯಿ. ಹುಳುಗಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ ತಲೆ ಎತ್ತಿ ಅಲ್ಲಾಡದೆ ಕೂರುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ ಏಳಬೇಕು. ಜ್ವರಕ್ಕೆ ಕೂತಾಗ ಅಜ್ಜಿ ನಡುಮನೆಯಲ್ಲಿ ನಮ್ಮನ್ನು ಕೆಮ್ಮುವುದಕ್ಕೂ ಬಿಡುತ್ತಿರಲಿಲ್ಲ. ಮಕ್ಕಳಿಗೆ ಜ್ವರ ಬಂದಾಗ ಅಷ್ಟು ನಿಗಾ ಮಾಡಿದವಳಲ್ಲ.

ಅಂಥ ಮನೆಗೆ ಅವ್ವ ಕಾಫಿ ಬೀಜದ ಚೀಲ ಹಿಡಿದುಕೊಂಡು ಸೊಸೆಯಾಗಿ ಬಂದಳು. ಅವಳ ಹೆಸರು ಚಿಕ್ಕತಾಯಮ್ಮ. ಅವಳ ಅಪ್ಪ, ನನ್ನ ತಾತ, ನಮ್ಮ ಸೀಮೆಯವನೇ ಆದರೂ ಸಣ್ಣ ವಯಸ್ಸಿನಲ್ಲೇ ಕೊಡಗಿನ ಕಡೆ ಕೂಲಿಗೆ ಹೋಗಿ, ಅಲ್ಲೇ ಒಂದು ತೋಟದಲ್ಲಿ ಮೇಸ್ತ್ರಿಯಾಗಿ ನಿಂತುಬಿಟ್ಟಿದ್ದ. ಅವ್ವ ಬೆಳೆದದ್ದು ತೋಟದ ಕೂಲಿಯವರ ಲೈನು ಮನೆಯಲ್ಲಿ. ಹಣ್ಣು ಬಿಡಿಸುವುದು, ಒಣಗಿಸುವುದು, ಹುರಿಯುವುದು ಅವಳಿಗೆ ಆಟವಾಡುತ್ತಲೇ ಬಂದದ್ದು. ಮದುವೆಯಾಗಿ ಬಂದ ದಿನ ಅಜ್ಜಿ ಆ ಚೀಲ ಬಿಚ್ಚಿ ನೋಡಿ, ಊರ ಹೆಂಗಸರ ಮುಂದೆ, "ತವರಿನೋರು ಭಾರವಾದ್ದೇನೋ ಕೊಟ್ಟವ್ರೆ ಅನ್ಕಂಡೆ ಕಣ್ರವ್ವ, ನೋಡುದ್ರೆ ಒಣಗಿದ ಅವರೆಬೇಳೆ ಇದ್ದಂಗೈತೆ. ಸಾರಿಗಾದ್ರೂ ಆಯ್ತದಾ ಇದು?" ಎಂದಳಂತೆ. ಎಲ್ಲರೂ ನಕ್ಕರಂತೆ. ಅವ್ವನೂ ನಕ್ಕಳಂತೆ. ನಗದೆ ಇನ್ನೇನು ಮಾಡುತ್ತಾಳೆ, ಹೊಸ ಸೊಸೆ.

ಆಗ ಅಪ್ಪನಿಗೆ ದೊಡ್ಡ ರಸ್ತೆಯ ಹೋಟೆಲಿನ ಚಟ. ಬಸ್ಸು ನಿಲ್ಲುವ ಕಡೆ ತೆಂಗಿನ ಗರಿಯ ಮಾಡಿನ ಒಂದು ಹೋಟೆಲಿತ್ತು. ಹೊತ್ತು ಇಳಿಯುತ್ತಿದ್ದ ಹಾಗೆ ಅಪ್ಪ ಕೈಕಾಲು ತೊಳೆದು, ಟವೆಲು ಹೆಗಲಿಗೆ ಹಾಕಿ, "ಒಂದು ಕಾಫಿ ಕುಡ್ಕಂಡು ಬತ್ತೀನಿ" ಎಂದು ಹೊರಟುಬಿಡುತ್ತಿದ್ದ. ಕಾಫಿ ಒಂದು ನೆಪ. ಕಾಫಿಯ ಹಿಂದೆ ಅಲ್ಲಿ ಕೂತಿದ್ದವರ ಹರಟೆ, ಹರಟೆಯ ಹಿಂದೆ ಇಸ್ಪೀಟು. ಅವ್ವ ಮುದ್ದೆ ಕಟ್ಟಿ, ಅದರ ಮೇಲೆ ತಟ್ಟೆ ಮುಚ್ಚಿ ಕಾಯುತ್ತಿದ್ದಳು. ಅಪ್ಪ ಬಂದಾಗ ಮಾತಾಡುವ ಮುಖ ಇರುತ್ತಿರಲಿಲ್ಲ. ಉಂಡು ಮಲಗುತ್ತಿದ್ದ. ಅಪ್ಪ ಕೆಟ್ಟವನಲ್ಲ, ಮಕ್ಕಳೇ. ಒಂದು ದಿನವೂ ಕೈ ಎತ್ತಿದವನಲ್ಲ. ಆದರೆ ಆ ಮನೆಯಲ್ಲಿ ಬೆಳಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ಎದುರಿಗೆ ಅಜ್ಜಿ. ಗಂಡ ಹೆಂಡತಿ ಕೂತು ನಾಲ್ಕು ಮಾತಾಡುವುದಕ್ಕೆ ಇದ್ದದ್ದು ಆ ಸಂಜೆ ಒಂದೇ, ಅದನ್ನು ಹೋಟೆಲು ತೆಗೆದುಕೊಂಡು ಹೋಗುತ್ತಿತ್ತು. ನಾನು ದೊಡ್ಡವಳಾದ ಮೇಲೆ ಅವ್ವ ಒಂದು ಸಲ ಹೇಳಿದಳು, "ಆ ವಯ್ಯ ಎದ್ದು ಹೋಗೋದು ಕಾಫಿಗೆ ತಾನೆ, ಅದು ಮನೇಲೇ ಇದ್ರೆ ಯಾಕೆ ಹೋದಾನು ಅಂತ ನನ್ನ ಲೆಕ್ಕ" ಎಂದು.

ಅವಳು ಕಾಫಿ ಮಾಡುತ್ತಿದ್ದ ರೀತಿ ಬರೆಯುತ್ತೇನೆ, ಇದನ್ನು ನಿಧಾನವಾಗಿ ಓದಿ. ಹುಳು ಇಲ್ಲದ ದಿನ ನೋಡಿ ಹಿತ್ತಲಲ್ಲಿ ಕಬ್ಬಿಣದ ಬಾಂಡಲಿ ಇಡುತ್ತಿದ್ದಳು. ಉರಿ ಜೋರಿರಬಾರದು, ಹೊಗೆಯಂತೂ ಇರಲೇಬಾರದು. ಹಸಿರು ಮಾಸಿದ ಬೀಜ ಮೊದಲು ಹುಲ್ಲಿನ ಹಾಗೆ ವಾಸನೆ ಬಿಡುತ್ತದೆ, ಆಮೇಲೆ ರೊಟ್ಟಿ ಬೇಯುವ ಹಾಗೆ. ಅಲ್ಲಿಗೆ ಆಯಿತು ಎಂದುಕೊಂಡು ಅವಸರ ಮಾಡುವವರು ಕೆಡಿಸುತ್ತಾರೆ ಎನ್ನುತ್ತಿದ್ದಳು. ಸೌಟು ಒಂದು ಗಳಿಗೆಯೂ ನಿಲ್ಲದೆ ತಿರುಗುತ್ತಲೇ ಇರಬೇಕು. ಬೀಜ ಸಣ್ಣಗೆ ಚಟಪಟ ಅನ್ನತೊಡಗಿದಾಗ ಅವ್ವ ನನ್ನ ಬಾಯಿಗೆ ಬೆರಳಿಟ್ಟು ಸುಮ್ಮನಿರು ಎನ್ನುತ್ತಿದ್ದಳು. ಅವಳು ಹದ ನೋಡುತ್ತಿದ್ದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಆ ಸದ್ದು ಇಳಿದ ಕೂಡಲೇ ಬಾಂಡಲಿ ಎತ್ತಿ ಮೊರಕ್ಕೆ ಸುರಿದು, ಕೇರಿ, ಸಿಪ್ಪೆ ಹಾರಿಸಿ, ಗಾಳಿಗೆ ಹರಡುತ್ತಿದ್ದಳು. ಬೀಜ ಎಮ್ಮೆಯ ಕೊಂಬಿನ ಬಣ್ಣಕ್ಕೆ ಹೋಗಬಾರದು, ಹುಣಸೆ ಬೀಜದ ಬಣ್ಣಕ್ಕೆ ನಿಲ್ಲಬೇಕು. ತಣ್ಣಗಾದ ಮೇಲೆ ತಗಡಿನ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿಡುವುದು. ಕುಟ್ಟುವುದು ಆಯಾ ಸಂಜೆಗೆ ಬೇಕಾದಷ್ಟು ಮಾತ್ರ. ತೆಳುವಾದ ಹಳೇ ಪಂಚೆಯ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಕಟ್ಟಿ, ಪುಡಿ ಹಾಕಿ, ಕುದಿ ನಿಂತ ನೀರನ್ನು ಒಂದೇ ಸಲ ಸುರಿಯದೆ, ಮಗುವಿನ ತಲೆಗೆ ಎರೆಯುವ ಹಾಗೆ ಒಸಿ ಒಸಿಯಾಗಿ ಎರೆಯುತ್ತಿದ್ದಳು. ಬಟ್ಟೆ ಹಿಂಡಬಾರದು, ಹಿಂಡಿದರೆ ಕಹಿ ಇಳಿಯುತ್ತದೆ. ತಾನಾಗಿ ಇಳಿದಷ್ಟೇ ನಮ್ಮದು. ಆಗತಾನೆ ಕರೆದ ಹಾಲನ್ನು ಒಂದೇ ಉಕ್ಕಿಗೆ ಇಳಿಸಿ ಬೆರೆಸಿ, ಬೆಲ್ಲದ ಪುಡಿಯನ್ನು ಕೊನೆಗೆ ಲೋಟಕ್ಕೇ ಹಾಕುವುದು. ಹಾಲಿನ ಜೊತೆ ಬೆಲ್ಲ ಕುದಿಸಿದರೆ ಹಾಲು ಒಡೆಯುತ್ತದೆ. ಚಿಕೋರಿ ಎನ್ನುವುದನ್ನು ಅವಳು ಮನೆಯೊಳಕ್ಕೆ ಸೇರಿಸಿದವಳಲ್ಲ. ನೀವು ಯಾವಾಗಲಾದರೂ ಮಾಡಿ ನೋಡಿ. ಸಾಮಾನು ಬಹಳ ಬೇಡ, ಪಕ್ಕದಲ್ಲಿ ಕೂತಿರುವುದಕ್ಕೆ ಹೊತ್ತು ಬೇಕು.

ಮೊದಲ ಸಲ ಕುಡಿದ ದಿನ ಅಪ್ಪ ಲೋಟ ಕೆಳಗಿಟ್ಟು, ಹೆಗಲ ಮೇಲಿದ್ದ ಟವೆಲನ್ನು ತೆಗೆದು ಗೂಟಕ್ಕೆ ಹಾಕಿದನಂತೆ. ಆ ಟವೆಲು ಗೂಟಕ್ಕೆ ಹೋದದ್ದನ್ನು ಅವ್ವ ಎಷ್ಟೋ ಸಲ ಹೇಳುತ್ತಿದ್ದಳು. ಆಮೇಲೆ ಅವನು ಸಂಜೆ ಮನೆಯಲ್ಲೇ ಉಳಿದ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅದು ನಮ್ಮ ಮನೆಯ ಪದ್ಧತಿಯೇ ಆಗಿತ್ತು. ಜಗಲಿಯ ಕಂಬಕ್ಕೆ ಒರಗಿ ಅಪ್ಪ, ಹೊಸಿಲ ಮೇಲೆ ಅವ್ವ, ನಡುವೆ ನಾನು. ಅವರು ಆಡುತ್ತಿದ್ದದ್ದೇನೂ ದೊಡ್ಡ ಮಾತಲ್ಲ. ಕೆಂದ ಹಸು ಇವತ್ತು ಯಾಕೆ ಒದೆಯಿತು, ಕೆರೆ ಹಿಂದಿನ ಸೊಪ್ಪು ಇನ್ನೆಷ್ಟು ದಿನ ಬರುತ್ತದೆ, ಕೊಡಗಿನಲ್ಲಿ ಮಳೆ ಹಿಡಿದರೆ ಜಿಗಣೆ ಹೇಗೆ ಹತ್ತುತ್ತದೆ. ಒಂದು ಸಂಜೆ ಇಸ್ಪೀಟಿನ ಗೆಳೆಯರೊಬ್ಬರು ಬೀದಿಯಲ್ಲಿ ಹೋಗುತ್ತಾ ನಿಂತು, "ಏನ್ಲಾ ಬೋರ, ಎಡ್ತಿ ಕಾಫಿ ರುಚಿ ಹತ್ತುದ್ಮೇಲೆ ನಮ್ಮ ಮಕ ನೋಡಕಿಲ್ವಲ್ಲ. ಏನು ಹಾಕಿ ಕುಡುಸ್ತಾಳ್ಲಾ?" ಎಂದರು. ಅಪ್ಪ, "ಬಾರ್ಲಾ, ಕುಡುದು ನೋಡು. ಆಮೇಲೆ ನೀನೂ ಆಟಕ್ಕೆ ಬರಕಿಲ್ಲ ಅಂತೀಯ" ಎಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡದ್ದು ಆ ಜಗಲಿಯಲ್ಲಿ ಮಾತ್ರ.

ಹುಳು ಇರುವಾಗ ಹುರಿಯುವಂತಿಲ್ಲವಲ್ಲ, ಅದಕ್ಕೆ ಅವ್ವ ಹುಳುವಿನ ಮೊಟ್ಟೆ ತರುವ ಮೊದಲೇ ಒಂದು ಬೆಳೆಗೆ ಆಗುವಷ್ಟು ಹುರಿದು ಡಬ್ಬಿ ತುಂಬಿಸಿಡುತ್ತಿದ್ದಳು. ಕುಟ್ಟುವುದನ್ನೂ ಕಾಯಿಸುವುದನ್ನೂ ಹಿತ್ತಲಲ್ಲೇ, ಗಾಳಿಯ ದಿಕ್ಕು ನೋಡಿ ಮಾಡುತ್ತಿದ್ದಳು. ಅಜ್ಜಿ ಗೊಣಗಿದರೂ ತಡೆದಿರಲಿಲ್ಲ. ಆ ವರ್ಷ ಅಪ್ಪನ ತಂಗಿಗೆ, ಅಂದರೆ ನನ್ನ ಅತ್ತೆಗೆ, ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಮಾತಿಗೆ ಅಂತ, ಶಾಸ್ತ್ರಕ್ಕೆ ಅಂತ ಮೇಲಿಂದ ಮೇಲೆ ಬಂದರು. ಬಂದವರೆಲ್ಲ ಜಗಲಿಯಲ್ಲಿ ಕೂತು, "ಈ ಕಾಫಿ ಹೋಟ್ಲಲ್ಲೂ ಸಿಗಾಕಿಲ್ಲ ಕಣವ್ವ" ಎಂದು ಇನ್ನೊಂದು ಲೋಟ ಕೇಳಿದರು. ಹುಳುಗಳು ನಾಲ್ಕನೇ ಜ್ವರಕ್ಕೆ ಹತ್ತಿರವಾಗುವಾಗ ಡಬ್ಬಿ ಬರಿದಾಯಿತು. ಮೊದಲ ಸಂಜೆ ಅಪ್ಪ ಜಗಲಿಯಲ್ಲಿ ಕೂತ, ಎದ್ದ, ಹಸುವಿನ ಮೈ ಸವರಿ ಬಂದ, ಮತ್ತೆ ಕೂತ. ಮಾರನೆಯ ಸಂಜೆ ಗೂಟದ ಟವೆಲು ಹೆಗಲಿಗೆ ಹೋಯಿತು. ಅದರ ಮಾರನೆಯ ಸಂಜೆ ಅವನು ಬಂದಾಗ ಅವ್ವ ಮುಚ್ಚಿಟ್ಟ ಮುದ್ದೆ ಕಲ್ಲಾಗಿತ್ತು. ಅವಳು ಮತ್ತೆ ಕಾಯುವುದಕ್ಕೆ ಕೂತದ್ದನ್ನು ನೋಡಿ ನನಗೂ ಊಟ ಸೇರಲಿಲ್ಲ.

ಮರುದಿನ ಹುಳುಗಳು ಜ್ವರಕ್ಕೆ ಕೂತಿದ್ದವು. ಸೊಪ್ಪು ಹಾಕುವ ಕೆಲಸ ಇರಲಿಲ್ಲ. ಅವ್ವ ಬಾಂಡಲಿ, ಬೀಜ, ಒಂದು ಹೊರೆ ಸೌದೆ ತೆಗೆದುಕೊಂಡು ನನ್ನನ್ನೂ ಕರೆದುಕೊಂಡು ಹೊಲದ ಬಾವಿಯ ಹತ್ತಿರ ಹೋದಳು. ಮನೆಗೂ ಬಾವಿಗೂ ಕೂಗಿದರೆ ಕೇಳಿಸದಷ್ಟು ದೂರ. ಆದರೂ ಅವಳು ಒಂದು ಹಿಡಿ ಧೂಳು ತೂರಿ ಗಾಳಿ ಮನೆಯ ಕಡೆ ಬೀಸುತ್ತಿಲ್ಲ ಅಂತ ನೋಡಿದಳು. ಹುರಿದಳು, ಕೇರಿದಳು, ಹಿತ್ತಾಳೆ ಸೊಂಬಿಗೆ ತುಂಬಿ ಬಾಯಿ ಕಟ್ಟಿದಳು. ಆಮೇಲೆ ಕಾಲುವೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಸೀಗೆಪುಡಿ ಉಜ್ಜಿ, ತಂದಿದ್ದ ಬೇರೆ ಸೀರೆ ಉಟ್ಟಳು. ನನಗೂ ಸ್ನಾನ ಮಾಡಿಸಿದಳು. ಅಷ್ಟು ಜಾಗ್ರತೆ ಮಾಡಿದವಳು ಒಂದರಲ್ಲಿ ತಪ್ಪಿದಳು. ಬಿಸಿ ಬಾಂಡಲಿಯನ್ನು ಹೊತ್ತು ಬರುವುದಕ್ಕೆ ಸೌದೆ ಸುತ್ತಿ ತಂದಿದ್ದ ಗೋಣಿಯನ್ನೇ ಸುತ್ತಿಕೊಂಡಳು. ಅದು ಸೊಪ್ಪಿಗೆ ಹೊದಿಸುವ ಗೋಣಿ. ಕೊಯ್ದ ಸೊಪ್ಪು ಬಾಡದ ಹಾಗೆ ಅದನ್ನು ನೀರಲ್ಲಿ ನೆನೆಸಿ ಮೇಲೆ ಮುಚ್ಚುತ್ತಿದ್ದೆವು. ಮನೆಗೆ ಬಂದು ಅದನ್ನು ಎರಡು ಸಲ ತೊಟ್ಟಿಯಲ್ಲಿ ಅದ್ದಿ ಹಿಂಡಿದಳು. ವಾಸನೆ ನೀರಿನೊಂದಿಗೆ ಹೋಯಿತು ಎಂದುಕೊಂಡಳು. ಒದ್ದೆ ಗೋಣಿ ವಾಸನೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅಂತ ಅವಳಿಗೆ ಹೊಳೆಯಲಿಲ್ಲ. ಮೂಗಿನ ತುಂಬ ಕಾಫಿಯೇ ತುಂಬಿಕೊಂಡಿದ್ದವಳಿಗೆ ಅದು ಗೊತ್ತಾಗುವುದಾದರೂ ಹೇಗೆ. ಆ ಸಂಜೆ ಅಪ್ಪನ ಕೈಗೆ ಲೋಟ ಬಂತು. ಅವನು ಒಮ್ಮೆ ಲೋಟ ನೋಡಿದ, ಒಮ್ಮೆ ಅವ್ವನ ಒದ್ದೆ ತಲೆ ನೋಡಿದ, ಜಗಲಿಯಲ್ಲೇ ಕೂತ. ಮಾರನೆಯ ಬೆಳಗ್ಗೆಗೆಂದು ಕತ್ತಲಾಗುವ ಮುಂಚೆ ಕೊಯ್ದು ತಂದ ಸೊಪ್ಪಿನ ಮೇಲೆ ಆ ಗೋಣಿ ಹೊದಿಸಿದರು.

ಬೆಳಗ್ಗೆ ಹುಳುಗಳು ಜ್ವರ ಎದ್ದಿದ್ದವು. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ಹೇಳತೀರದು. ಸೊಪ್ಪು ಬಿದ್ದ ಕೂಡಲೇ ಮನೆಯೆಲ್ಲ ಸದ್ದಾಗಬೇಕು. ಅಜ್ಜಿ ಸೊಪ್ಪು ಹಾಕಿ ನಿಂತಳು. ಸದ್ದಿಲ್ಲ. ಹುಳುಗಳು ಸೊಪ್ಪಿನ ಹತ್ತಿರ ಬಂದು, ತಲೆ ಎತ್ತಿ, ಆಚೆ ತಿರುಗಿಕೊಂಡವು. ಅಜ್ಜಿ ಒಂದು ಎಲೆ ಎತ್ತಿ ಮೂಸಿದಳು. ಆಮೇಲೆ ಮೂಲೆಗೆ ಹೋಗಿ ಗೋಣಿ ಎತ್ತಿ ಮೂಸಿದಳು. "ಚಿಕ್ಕತಾಯಿ, ಈ ಗೋಣಿ ನೆನ್ನೆ ಎಲ್ಲಿತ್ತು?" ಎಂದಳು. ಅವ್ವ ಸುಳ್ಳು ಹೇಳಬಹುದಿತ್ತು. "ಬಾವಿ ತಾವ ಬಾಂಡ್ಲಿ ಸುತ್ತಿದ್ದೆ ಅತ್ತೆ" ಎಂದಳು. ಅಜ್ಜಿ ಕೂಗಾಡಲಿಲ್ಲ. "ಸೊಪ್ಪೆಲ್ಲ ತಿಪ್ಪೆಗಾಕಿ" ಎಂದಳು ಅಷ್ಟೆ. ಅಪ್ಪ, ಅತ್ತೆ, ಅವ್ವ ಎಲ್ಲರೂ ಕುಡುಗೋಲು ಹಿಡಿದು ಹೊಲಕ್ಕೆ ಓಡಿದರು. ಅಕ್ಕಪಕ್ಕದವರೂ ಅವರವರ ಸೊಪ್ಪಿನಲ್ಲಿ ಒಂದಿಷ್ಟು ಕೊಟ್ಟರು. ಆದರೆ ಹೊತ್ತು ಏರಿತ್ತು, ಎಲೆ ಬಾಡಿತ್ತು. ಹಸಿದ ಹುಳುವಿಗೆ ಬಾಡಿದ ಸೊಪ್ಪು ಹಾಕಿದರೆ ಸಪ್ಪೆ ರೋಗ ಬರುತ್ತದೆ. ಹುಳು ಮೆತ್ತಗಾಗಿ, ಮೈ ಬಿಟ್ಟು, ಕಪ್ಪಾಗುತ್ತದೆ. ತಟ್ಟೆ ತಟ್ಟೆ ಹುಳುವನ್ನು ಅವ್ವ ತನ್ನ ಕೈಯಾರೆ ಆರಿಸಿ ಗುಂಡಿಗೆ ಹಾಕಿದಳು. ಗೂಡು ಕಟ್ಟುವುದಕ್ಕೆ ಹತ್ತಿದ್ದು ಸ್ವಲ್ಪ. ಆ ಗೂಡುಗಳೂ ತೆಳ್ಳಗೆ, ಬೆರಳಲ್ಲಿ ಒತ್ತಿದರೆ ತಗ್ಗು ಬೀಳುವಂಥವು. ಅಪ್ಪ ಅವನ್ನು ರಾಮನಗರದ ಮಾರುಕಟ್ಟೆಗೆ ಒಯ್ದು ಬಂದ ದಿನ ಅತ್ತೆಯ ಮದುವೆ ಮುಂದಿನ ವರ್ಷಕ್ಕೆ ಹೋಯಿತು.

ಅವತ್ತೇ ಅಜ್ಜಿ ಎಲ್ಲರ ಮುಂದೆ ಹೇಳಿದಳು, "ಸಾಕು ಕಣವ್ವ ನಿನ್ನ ಕಾಫಿ. ಈ ಮನೇಲಿ ಹುಳ ಇರೋಗಂಟ ಆ ಬಾಂಡ್ಲಿ ಒಲೆ ಮೇಲೆ ಕೂರಂಗಿಲ್ಲ." ಹುಳ ಯಾವಾಗ ಇರುತ್ತಿರಲಿಲ್ಲ ಹೇಳಿ, ಒಂದು ಬೆಳೆ ಇಳಿಯುವಷ್ಟರಲ್ಲಿ ಇನ್ನೊಂದಕ್ಕೆ ತಟ್ಟೆ ಸಾರಿಸುತ್ತಿದ್ದೆವು. ಅವ್ವ ತಲೆ ಎತ್ತಿ ಅಪ್ಪನ ಕಡೆ ನೋಡಿದಳು. ಅವನೊಂದು ಮಾತು ಹೇಳಲಿ ಅಂತ. ತಾಯಿಯ ಮಾತು ಮೀರಲಿ ಅಂತಲ್ಲ, ಹೋಗಲಿ ಬುಡವ್ವ ಎಂದಿದ್ದರೂ ಸಾಕಾಗಿತ್ತು. ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಅವ್ವ ಬಾಂಡಲಿಯನ್ನು ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದು ಕೊಟ್ಟಿಗೆಯ ಹಿಂದೆ ಇಟ್ಟಳು. ಅಂದಿನಿಂದ ಕೋಳಿಗಳು ಅದರಲ್ಲಿ ನೀರು ಕುಡಿದವು.

ಆ ಸಂಜೆಯೂ, ಅದರ ಮಾರನೆಯ ಸಂಜೆಯೂ ಅಪ್ಪ ಹೋಟೆಲಿಗೆ ಹೋದ. ಮೂರನೆಯ ಸಂಜೆ ಹೋಗುವಾಗ ಅಡುಗೆಮನೆಯಿಂದ ಹಿತ್ತಾಳೆ ಸೊಂಬು ತೆಗೆದುಕೊಂಡು ಹೋದದ್ದನ್ನು ನಾನು ಕಂಡೆ. ಇನ್ನೂ ಬೆಳಕಿರುವಾಗಲೇ ವಾಪಸು ಬಂದ. ಸೊಂಬಿನ ಬಾಯಿಗೆ ಬಾಳೆ ಎಲೆ ಕಟ್ಟಿತ್ತು. ಹೊಸಿಲ ಹತ್ತಿರ ಇಟ್ಟು, "ತಗಾ" ಎಂದ. "ಏನಿದು?" ಎಂದಳು ಅವ್ವ. "ಹೋಟ್ಲು ಕಾಫಿ. ಮನೇಲಿ ಹುರೀಬ್ಯಾಡ ಅಂದವ್ರೆ, ಕುಡೀಬ್ಯಾಡ ಅಂದಿಲ್ವಲ್ಲ" ಎಂದ. ಅವ್ವ ಎರಡು ಲೋಟಕ್ಕೆ ಬಗ್ಗಿಸಿ, ನನಗೂ ಒಂದು ಗುಟುಕು ಕೊಟ್ಟಳು. ಅಷ್ಟು ದೂರ ಹೊತ್ತು ತರುವಷ್ಟರಲ್ಲಿ ತಣ್ಣಗಾಗಿತ್ತು. ಸಕ್ಕರೆಯ ಪಾಕ, ಚಿಕೋರಿಯ ಮಡ್ಡಿ, ಸೀದ ಹಾಲು. ನಾನು ಮುಖ ಕಿವುಚಿದೆ. ಅವ್ವ ಏನೆನ್ನುತ್ತಾಳೋ ಅಂತ ಅವಳನ್ನೇ ನೋಡಿದೆ. ಬಟ್ಟೆ ಹಿಂಡಿದರೆ ಸಿಟ್ಟಾಗುತ್ತಿದ್ದವಳು, ಚಟಪಟ ಸದ್ದು ಒಂದು ಗಳಿಗೆ ಮೀರಿದರೂ ಅಯ್ಯೋ ಎನ್ನುತ್ತಿದ್ದವಳು. ಅವಳು ಕೊನೆಯ ಗುಟುಕಿನ ತನಕ ಕುಡಿದಳು. "ಆರೋಗೈತಾ?" ಎಂದ ಅಪ್ಪ. "ಇಲ್ಲ, ಹದವಾಗೈತೆ" ಎಂದಳು.

ಅದಾದ ಮೇಲೆ ಅದೇ ಪದ್ಧತಿಯಾಯಿತು. ಅಪ್ಪ ಅಲ್ಲಿ ಕೂರುವುದನ್ನು ಬಿಟ್ಟ. ಹೋಗುವುದು, ಸೊಂಬು ತುಂಬಿಸುವುದು, ಬರುವುದು. ಹೋಟೆಲಿನಲ್ಲಿ, "ಬೋರ ಬಂದ, ಸೊಂಬು ಹಿಡ್ಕಂಡು. ಹಾಲು ಕರೆಯಕ್ಕೇನ್ಲಾ?" ಎಂದು ಆಡಿಕೊಳ್ಳುತ್ತಿದ್ದರಂತೆ. ಅವ್ವ ಬಯಸಿದ್ದು ಅವಳಿಗೆ ಸಿಕ್ಕಿತು, ಗಂಡ ಸಂಜೆ ಮನೆಗೆ ಬಂದ. ಆದರೆ ಅವಳ ಕೈ ಬರಿದಾಯಿತು. ಆ ಎರಡನ್ನೂ ಒಟ್ಟಿಗೆ ನೋಡುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ವರ್ಷಕ್ಕೊಂದು ಚೀಲ ಬೀಜ ತಂದುಕೊಡುತ್ತಿದ್ದ ತಾತ ಮುಂದಿನ ವರ್ಷವೂ ಚೀಲ ಹೊತ್ತು ಕೊಡಗಿನಿಂದ ಬಂದ. ಅವ್ವ ಕಾಲಿಗೆ ನೀರು ಕೊಟ್ಟು, "ಇದ ತಗಂಡೋಗಪ್ಪ, ಈಗ ನಮ್ಗೆ ಹೋಟ್ಲು ಕಾಫಿ ಅಭ್ಯಾಸ ಆಗೋಗೈತೆ" ಎಂದಳು. ತಾತನಿಗೆ ಹೆಮ್ಮೆಯೇ ಆಯಿತು. "ದಿನಾ ಹೋಟ್ಲು ಕಾಫಿ ಕುಡಿಯೋ ಹಂಗಾದ್ಯಾ ಮಗ? ಗೌಡ್ತಿ ಆಗ್ಬುಟ್ಟೆ ಬುಡು" ಎಂದು ನಕ್ಕ. ಅವ್ವನೂ ಜೊತೆಗೆ ನಕ್ಕಳು. ತಾತ ಚೀಲ ಹೊತ್ತುಕೊಂಡು ತಿರುವು ದಾಟುವ ತನಕ ಬೀದಿಯಲ್ಲೇ ನಿಂತಿದ್ದಳು.

ಎಷ್ಟೋ ವರ್ಷದ ಮೇಲೆ ಅಜ್ಜಿ ತೀರಿಹೋದಳು. ಹುಳುಗಳಿಗೆ ಬೇರೆಯೇ ಶೆಡ್ಡು ಕಟ್ಟಿದರು. ಬೇಡ ಎನ್ನುವವರು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಅಷ್ಟರಲ್ಲಿ ನಾನು ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದಿದ್ದೆ, ನಿಮ್ಮ ತಾತನಿಗೆ ದಿನವೂ ಅವ್ವನ ರೀತಿಯಲ್ಲೇ ಕಾಫಿ ಮಾಡಿಕೊಡುತ್ತಿದ್ದೆ. ಒಂದು ಸಲ ಊರಿಗೆ ಹೋದಾಗ, "ಈಗಲಾದ್ರೂ ಹುರಿ ಅವ್ವ, ಬೀಜ ನಾನು ತಂದುಕೊಡ್ತೀನಿ" ಎಂದೆ. ಅವಳು, "ನಾನು ಮಾಡುದ್ರೆ ನಿಮ್ಮಪ್ಪ ಏನು ತರ್ಬೇಕು?" ಎಂದಳು. ನನ್ನ ಮನೆಗೆ ಬಂದರೂ ಸಂಜೆಯ ಬಸ್ಸಿಗೆ ಹೊರಟೇಬಿಡುತ್ತಿದ್ದಳು. ಒಂದು ಲೋಟ ಕುಡಿದು ಹೋಗು ಎಂದರೆ, "ನಿಮ್ಮಪ್ಪ ತಂದಿರ್ತಾರೆ" ಎಂದು ಚಪ್ಪಲಿ ಮೆಟ್ಟುತ್ತಿದ್ದಳು. ಅಪ್ಪ ನಡೆಯಲಾಗದೆ ಹಾಸಿಗೆ ಹಿಡಿಯುವ ತನಕ ಸೊಂಬು ಹೊತ್ತ. ಅವನು ತೀರಿಕೊಂಡ ಮೇಲೆ ಅವ್ವ ಕಾಫಿಯನ್ನೇ ಬಿಟ್ಟಳು.

ಆಮೇಲೆ ಬಿಡದಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ನಮ್ಮೂರಿನ ಕಡೆಗೆ ಬಂದವು. ಮೊದಲು ಕೆರೆ ಹಿಂದಿನ ಹೊಲ, ಆಮೇಲೆ ಬಾವಿ, ಆಮೇಲೆ ಊರಿನ ಅರ್ಧ. ಸೊಪ್ಪಿನ ಕಡ್ಡಿಗಳನ್ನು ಯಂತ್ರ ಬಂದು ಬೇರು ಸಮೇತ ಕಿತ್ತಿತು. ಈಗ ಅಲ್ಲಿ ಉದ್ದಕ್ಕೆ ಗೋಡೆ, ನೀಲಿ ತಗಡಿನ ಸೂರು, ಗೇಟಿನಲ್ಲಿ ಕಾವಲಿನವರು. ನಮ್ಮ ನಡುಮನೆ ಇದ್ದ ಜಾಗದಲ್ಲಿ ಅವರ ಕ್ಯಾಂಟೀನಿದೆ ಅಂತ ನನ್ನ ತಮ್ಮ ಹೇ‍ಳುತ್ತಾನೆ. ಅವನೂ ರಾಮನಗರದಲ್ಲಿ ಮನೆ ಮಾಡಿದ. ಹೊಸ ಮನೆಯ ಕೆಲಸ ಮುಗಿಯುವ ತನಕ ಅವ್ವ ನನ್ನ ಹತ್ತಿರ ಇದ್ದಳು. ನಿಮಗೆ ನೆನಪಿರಲಿಕ್ಕಿಲ್ಲ, ನೀವು ಆಗ ಬಹಳ ಚಿಕ್ಕವರು. ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತು ನಿಮ್ಮಿಬ್ಬರ ಜಗಳ ಬಿಡಿಸುತ್ತಿದ್ದ ಮುದುಕಿ, ನಿಮ್ಮ ಮುತ್ತಜ್ಜಿ.

ಮನೆ ಕೆಡವಿದರು ಎಂದು ಸುದ್ದಿ ಬಂದ ದಿನ ಅವ್ವ ಅಳಲಿಲ್ಲ, ಅನ್ನ ಮಾತ್ರ ಮುಟ್ಟಲಿಲ್ಲ. ನಾನು ಒಳ್ಳೆಯ ಬೀಜ ತರಿಸಿ, ತಾರಸಿಯ ಮೇಲೆ ಸಣ್ಣ ಉರಿಯಲ್ಲಿ ಹುರಿದೆ. ವಾಸನೆ ಮೆಟ್ಟಿಲಿಳಿದು ಅವಳ ತನಕ ಹೋಯಿತು ಅಂತ ಗೊತ್ತಾಯಿತು, ಯಾಕೆಂದರೆ ಕೆಳಗಿನಿಂದ, "ಸಾಕು ತೆಗಿ ಮಗ, ಸದ್ದು ನಿಂತೈತೆ" ಎಂದು ಕೂಗಿದಳು. ಕುಟ್ಟಿ, ಬಟ್ಟೆ ಕಟ್ಟಿ, ಹಿಂಡದೆ ಇಳಿಸಿ, ಬೆಲ್ಲ ಕೊನೆಗೆ ಹಾಕಿ, ಲೋಟ ಅವಳ ಕೈಗಿಟ್ಟೆ. ಅವಳು ಮೂಗಿನ ಹತ್ತಿರ ತಂದು ಬಹಳ ಹೊತ್ತು ಹಿಡಿದುಕೊಂಡಳು. ಆಮೇಲೆ ಕುಡಿಯದೆ ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು. ಹಬೆ ಹೋಯಿತು. ಮೇಲೆ ಕೆನೆ ಕಟ್ಟಿತು. "ಅವ್ವ, ಆರೋಯ್ತದೆ" ಎಂದೆ. "ಆರ್ಲಿ ಬುಡು" ಎಂದಳು. ಬೀದಿಯಲ್ಲಿ ಜನ ಕೆಲಸ ಮುಗಿಸಿ ಹೋಗುತ್ತಿದ್ದರು, ಅವರನ್ನೇ ನೋಡುತ್ತಿದ್ದಳು. ಪೂರ್ತಿ ತಣ್ಣಗಾದ ಮೇಲೆ ಕೆನೆಯನ್ನು ಬೆರಳಲ್ಲಿ ಸರಿಸಿ, ಒಂದು ತೊಟ್ಟೂ ಬಿಡದೆ ಕುಡಿದಳು. ಚೆನ್ನಾಗಿಲ್ಲವಾ ಅಂತ ನಾನು ಕೇಳಿಬಿಟ್ಟೆ. ಅವ್ವ ಲೋಟ ನನ್ನ ಕೈಗೆ ಕೊಟ್ಟು ಹೇಳಿದಳು, "ನಂಗಿಂತ ಚೆನ್ನಾಗಿ ಮಾಡ್ತೀಯ ಕಣ್ಮಗ. ಬಿಸೀದು ಕುಡುದ್ರೆ ಯಾರೂ ನಡ್ಕಂಡು ಬಂದಂಗೆ ಅನ್ಸಕಿಲ್ಲ, ಅದಕ್ಕೆ."

ಅವಳು ಹೆಚ್ಚು ದಿನ ಇರಲಿಲ್ಲ. ಆ ಮನೆಯದ್ದಾಗಲಿ, ಜಗಲಿಯದ್ದಾಗಲಿ, ಅವರಿಬ್ಬರೂ ಒಟ್ಟಿಗೆ ಕೂತದ್ದಾಗಲಿ ಒಂದು ಫೋಟೋ ಕೂಡ ಯಾರೂ ತೆಗೆದಿಲ್ಲ. ನಾನು ಹೋದರೆ ಅವರನ್ನು ಕಂಡ ಕಣ್ಣು ತಮ್ಮನದ್ದು ಮಾತ್ರ ಉಳಿಯುತ್ತದೆ, ಅವನು ಹುಟ್ಟುವ ಹೊತ್ತಿಗೆ ಅವ್ವ ಹುರಿಯುವುದನ್ನು ಬಿಟ್ಟಾಗಿತ್ತು. ಹಾಗಾಗಿ ಮಾನಸ, ತೇಜಸ್, ಅಕ್ಷರ ಸೊಟ್ಟಗಿದ್ದರೂ ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಎಲ್ಲಿಗೆ ಮನೆ ಬದಲಾಯಿಸಿದರೂ ನಿಮ್ಮ ಬಟ್ಟೆಬರೆಯ ಜೊತೆ ಇವನ್ನೂ ಒಂದು ಕಡೆ ಬೆಚ್ಚಗೆ ಮಡಿಸಿಟ್ಟುಕೊಳ್ಳಿ.